ಮೂವತ್ತು–ನಲವತ್ತರ ನಿವೇಶನವೂ ಎಂಟನೆಯ ತರಗತಿಯ ಬೀಜಗಣಿತವೂ

ಬೀಜಗಣಿತದ ವಿಷಯದಲ್ಲಿ ನಮ್ಮ ಗೃಹಸ್ಥರ ಮನೆಗಳಲ್ಲಿ ಒಂದು ಅಂಜಿಕೆಯೂ, ಅದಕ್ಕಿಂತ ಮಿಗಿಲಾದ ಒಂದು ತಾತ್ಸಾರವೂ ನೆಲೆಯೂರಿವೆ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಪರೀಕ್ಷೆಯ ತಿಂಗಳ ಸಂಜೆ ಯಾವ ಬೀದಿಯಲ್ಲಿ ನಡೆದರೂ ಒಂದಲ್ಲ ಒಂದು ಮನೆಯ ಜಗಲಿಯಿಂದ ‘ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್, ಎ ಪ್ಲಸ್ ಬಿ ಇನ್‌ಟು ಎ ಮೈನಸ್ ಬಿ’ ಎಂಬ ಪಠಣ ಕಿವಿಗೆ ಬೀಳುತ್ತದೆ. ಕನ್ನಡ ಮಾಧ್ಯಮದ ಮಕ್ಕಳೂ ಇದನ್ನು ಹೀಗೆಯೇ ಪಠಿಸುತ್ತಾರೆ. ಒಳಗೆ ಅಡುಗೆಮನೆಯಲ್ಲಿರುವ ತಾಯಿಗೆ ಅದು ಅರ್ಥವಾಗದ ಮಂತ್ರ. ಹೊಲದಿಂದ ಬಂದು ಕಾಲು ತೊಳೆಯುತ್ತಿರುವ ತಂದೆಗೆ ಅದು ‘ಯಾವ ಉಪಯೋಗಕ್ಕೂ ಬಾರದ ಲೆಕ್ಕ’. ಪರೀಕ್ಷೆ ಮುಗಿದ ಮರುವಾರ ಮಗುವಿನ ನಾಲಿಗೆಯಿಂದಲೂ ಅದು ಜಾರಿಹೋಗುತ್ತದೆ.

ಈ ಸೂತ್ರದ ಹೆಸರು ‘ಎರಡು ವರ್ಗಗಳ ವ್ಯತ್ಯಾಸ’. ಎರಡು ವರ್ಗಸಂಖ್ಯೆಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಆ ಸಂಖ್ಯೆಗಳ ಮೊತ್ತ ಮತ್ತು ಅಂತರಗಳ ಗುಣಲಬ್ಧ. ಹೇಳುವುದಕ್ಕೆ ಇಷ್ಟೇ. ಇದು ಉಪಯೋಗಕ್ಕೆ ಬಾರದ ಲೆಕ್ಕವೆಂದು ಬೇರೆಲ್ಲಿಯಾದರೂ ಹೇಳಿದರೆ ಸಹಿಸಬಹುದು. ಗುಂಟೆಗುಂಟೆಗೂ ಬೆಲೆಯಿರುವ, ಅಂಗುಲ ಬದುವಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ನಮ್ಮ ಸೀಮೆಯಲ್ಲಿ ಹಾಗೆ ಹೇಳುವುದು ಸಲ್ಲದು.

ಮೊದಲು ಎಲ್ಲರೂ ಬಲ್ಲ ಅಳತೆಯೊಂದನ್ನು ತೆಗೆದುಕೊಳ್ಳೋಣ. ನಿವೇಶನ ಎಂದೊಡನೆ ನಮ್ಮ ಬಾಯಿಗೆ ಬರುವುದು ‘ಮೂವತ್ತು–ನಲವತ್ತು’. 30 ಅಡಿ ಅಗಲ, 40 ಅಡಿ ಉದ್ದ. ವಿಸ್ತೀರ್ಣ 1200 ಚದರ ಅಡಿ. ಅದರ ಪಕ್ಕದಲ್ಲಿ 35 ಅಡಿ ಅಗಲ, 35 ಅಡಿ ಉದ್ದದ ಇನ್ನೊಂದು ನಿವೇಶನವಿದೆಯೆಂದು ಭಾವಿಸಿರಿ. ಟೇಪು ಹಿಡಿದು ಸುತ್ತ ಅಳೆದರೆ ಎರಡರ ಸುತ್ತಳತೆಯೂ 140 ಅಡಿ. ಬೇಲಿಗೆ ಬೇಕಾಗುವ ತಂತಿಯೂ ಒಂದೇ, ಕಲ್ಲುಕಂಬಗಳೂ ಅಷ್ಟೇ. ಆದರೆ ಎರಡನೆಯದರ ವಿಸ್ತೀರ್ಣ 1225 ಚದರ ಅಡಿ. ಹೆಚ್ಚುವರಿ 25 ಅಡಿ ಎಲ್ಲಿಂದ ಬಂದಿತು? 35ರಿಂದ 5 ಕಳೆದರೆ 30, 35ಕ್ಕೆ 5 ಕೂಡಿದರೆ 40. ಆದ್ದರಿಂದ 30 ಮತ್ತು 40ರ ಗುಣಲಬ್ಧವು 35ರ ವರ್ಗದಿಂದ 5ರ ವರ್ಗವನ್ನು ಕಳೆದುದಕ್ಕೆ ಸಮ. ಆ 5ರ ವರ್ಗವೇ ನಮ್ಮ 25. ‘ನಲವತ್ತು–ಅರವತ್ತರ’ ನಿವೇಶನವೂ ಹೀಗೆಯೇ: 50ರ ವರ್ಗದಿಂದ 10ರ ವರ್ಗ ಕಳೆದರೆ 2400. ಮಗು ಜಗಲಿಯಲ್ಲಿ ಪಠಿಸುತ್ತಿರುವ ಮಂತ್ರದ ಮೇಲೆಯೇ ಆ ಮನೆ ನಿಂತಿದೆ.

ಇಲ್ಲಿ 25 ಅಡಿಯ ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಗದ್ದೆಗೆ ಬರೋಣ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಅಂತಹ 40 ಗುಂಟೆ ಸೇರಿದರೆ ಒಂದು ಎಕರೆ. ತಂದೆ ಬಿಟ್ಟುಹೋದ ನಾಲೆ ಬಯಲಿನ ಜಮೀನನ್ನು ಅಣ್ಣತಮ್ಮಂದಿರಿಬ್ಬರು ಪಾಲು ಮಾಡಿಕೊಳ್ಳುವಾಗ ಒಬ್ಬನಿಗೆ 66 ಅಡಿಗೆ 66 ಅಡಿಯ ಚೌಕದ ಮಡಿಯೂ, ಇನ್ನೊಬ್ಬನಿಗೆ 99 ಅಡಿ ಉದ್ದ 33 ಅಡಿ ಅಗಲದ ಮಡಿಯೂ ಬಂದಿತೆನ್ನೋಣ. ಬದುವಿನ ಮೇಲೆ ಸುತ್ತ ಹೆಜ್ಜೆ ಹಾಕಿ ನೋಡಿದರೆ ಎರಡೂ 264 ಅಡಿ. ‘ಸುತ್ತು ಸರಿಯಾಗಿದೆ, ಪಾಲೂ ಸರಿಯಾಗಿದೆ’ ಎಂದು ಹಿರಿಯರು ತೀರ್ಪು ಕೊಟ್ಟರೆ ಕಣ್ಣಿಗೆ ಅದರಲ್ಲಿ ಕೊರತೆ ಕಾಣಿಸದು. ಲೆಕ್ಕ ಹಾಕಿರಿ. ಮೊದಲನೆಯದು ನಾಲ್ಕು ಗುಂಟೆ. ಎರಡನೆಯದು ಮೂರೇ ಗುಂಟೆ. 99 ಎಂದರೆ 66 ಕೂಡು 33, ಮತ್ತು 33 ಎಂದರೆ 66 ಕಳೆ 33. ಆದುದರಿಂದ ಉದ್ದಮಡಿಯ ವಿಸ್ತೀರ್ಣ 66ರ ವರ್ಗದಿಂದ 33ರ ವರ್ಗ ಕಳೆದಷ್ಟು. ಆ 33ರ ವರ್ಗವೇ ಒಂದು ಗುಂಟೆ. ಯಾರೂ ಕದಿಯದೆ, ಯಾರೂ ಸುಳ್ಳು ಹೇಳದೆ, ನಾಲ್ಕರಲ್ಲಿ ಒಂದು ಗುಂಟೆ ಕೈತಪ್ಪಿತು.

ಈ ಭ್ರಮೆ ನಮ್ಮ ಸೀಮೆಯದಷ್ಟೇ ಅಲ್ಲ. ಐದನೆಯ ಶತಮಾನದ ಗ್ರೀಕ್ ವಿದ್ವಾಂಸ ಪ್ರೋಕ್ಲಸನು ಯೂಕ್ಲಿಡನ ರೇಖಾಗಣಿತಕ್ಕೆ ಬರೆದ ವ್ಯಾಖ್ಯಾನದಲ್ಲಿ, ಹೆಚ್ಚು ಸುತ್ತಳತೆಯ ಆದರೆ ಕಡಿಮೆ ವಿಸ್ತೀರ್ಣದ ಭೂಮಿಯನ್ನು ಜೊತೆಗಾರರಿಗೆ ಬಿಟ್ಟುಕೊಟ್ಟು, ತಾವು ಉದಾರಿಗಳೆಂಬ ಹೆಸರನ್ನೂ ಪಡೆದ ಚತುರರ ಪ್ರಸ್ತಾಪವಿದೆ. ಯೂಕ್ಲಿಡನಾದರೋ ಕ್ರಿಸ್ತಪೂರ್ವ 300ರ ಸುಮಾರಿಗೇ ತನ್ನ ಎರಡನೆಯ ಸಂಪುಟದ ಐದನೆಯ ಪ್ರಮೇಯದಲ್ಲಿ ನಮ್ಮ ಸೂತ್ರವನ್ನು ಚಿತ್ರದ ಮೂಲಕ ಸಾಧಿಸಿಟ್ಟಿದ್ದನು.

ನಮ್ಮಲ್ಲಿ ಇದರ ಅಗತ್ಯ ತೀವ್ರವಾದುದಕ್ಕೆ ಕಾರಣವುಂಟು. ಹಿಂದೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಿತ್ತನೆಯ ಧಾನ್ಯದ ಲೆಕ್ಕದಲ್ಲಿ ಖಂಡುಗ, ಕೊಳಗಗಳಿಂದ ಭೂಮಿಯನ್ನು ಗುರುತಿಸುವ ರೂಢಿಯಿತ್ತು. ಆ ಅಳತೆಯಲ್ಲಿ ಆಕಾರದ ಪ್ರಶ್ನೆಯೇ ಏಳದು. ಬೀಜ ಎಷ್ಟು ಹಿಡಿಯಿತೋ ಅಷ್ಟು ಭೂಮಿ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ರಾಗಿಯ ಹೊಲ ಕಬ್ಬು–ಭತ್ತದ ಗದ್ದೆಯಾಯಿತು. ನೀರು ನಿಲ್ಲಬೇಕಾದ ಕಡೆ ಬದು ಬೇಕು. ತಲೆಮಾರು ತಲೆಮಾರಿಗೆ ಪಾಲಾದಂತೆ ಮಡಿಗಳು ಕಿರಿದಾದವು, ಉದ್ದವಾದವು. ಎಕರೆಯಲ್ಲಿ ಮಾತನಾಡುತ್ತಿದ್ದವರು ಗುಂಟೆಯಲ್ಲಿ ಮಾತನಾಡತೊಡಗಿದರು. ಇದರ ಜೊತೆಗೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಜಾರಿಗೆ ಬಂದಿದೆ. ಪಾಲಿಗೆ ಬಂದ ಜಾಗವನ್ನು ತಾನೇ ಅಳೆದು ತಿಳಿಯಬಲ್ಲ ಮಗಳಿಗೂ, ಯಾರೋ ತೋರಿಸಿದ ಕಡೆ ಹೆಬ್ಬೆಟ್ಟೊತ್ತುವ ಮಗಳಿಗೂ ಇರುವ ಅಂತರವನ್ನು ತಾಯಂದಿರು ಯೋಚಿಸಬೇಕು. ‘ಹೆಣ್ಣುಮಗುವಿಗೆ ಲೆಕ್ಕ ಹತ್ತುವುದಿಲ್ಲ’ ಎಂಬ ಮಾತನ್ನು ಮನೆಯಲ್ಲಿ ಲಘುವಾಗಿ ಆಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಸೂತ್ರವು ಏಕೆ ಸತ್ಯವೆಂಬುದನ್ನು ತೋರಿಸಲು ಪದವಿ ಬೇಕಿಲ್ಲ. ಒಂದು ಹಳೆಯ ಕ್ಯಾಲೆಂಡರಿನ ಹಾಳೆ, ಒಂದು ಕತ್ತರಿ ಸಾಕು. 35 ಸೆಂಟಿಮೀಟರಿನ ಚೌಕವೊಂದನ್ನು ಕತ್ತರಿಸಿಕೊಳ್ಳಿರಿ. ಅದರ ಒಂದು ಮೂಲೆಯಲ್ಲಿ 5 ಸೆಂಟಿಮೀಟರಿನ ಸಣ್ಣ ಚೌಕವನ್ನು ಕತ್ತರಿಸಿ ತೆಗೆಯಿರಿ. ಉಳಿಯುವುದು ಬಡಗಿಯ ಮೂಲೆಮಟ್ಟದಂತೆ ಬಾಗಿದ ಒಂದು ತುಂಡು. ಇದೇ ವರ್ಗಗಳ ವ್ಯತ್ಯಾಸ. ಸಣ್ಣ ಚೌಕವಿದ್ದ ಜಾಗದ ಅಂಚಿನ ನೇರಕ್ಕೆ ಒಮ್ಮೆ ಅಡ್ಡಲಾಗಿ ಕತ್ತರಿಸಿದರೆ ಎರಡು ಆಯತಗಳಾಗುತ್ತವೆ. ದೊಡ್ಡದು 35ಕ್ಕೆ 30, ಸಣ್ಣದು 5ಕ್ಕೆ 30. ಎರಡರಲ್ಲಿಯೂ 30ರ ಅಂಚಿದೆ. ಆ ಅಂಚುಗಳನ್ನು ಜೋಡಿಸಿರಿ. 40ಕ್ಕೆ 30ರ ಒಂದೇ ಆಯತ ಸಿದ್ಧವಾಯಿತು. ಮೊತ್ತ ಒಂದು ಬದಿ, ಅಂತರ ಇನ್ನೊಂದು ಬದಿ. ಕಾಗದ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. 35, 5ರ ಬದಲು ಬೇರೆ ಯಾವ ಸಂಖ್ಯೆಗಳನ್ನಿಟ್ಟರೂ ಕತ್ತರಿ ಇದೇ ದಾರಿಯಲ್ಲಿ ನಡೆಯುತ್ತದೆಂದು ಮಗುವಿಗೆ ಹೊಳೆದ ಕ್ಷಣವೇ ಅಂಕಗಣಿತವು ಬೀಜಗಣಿತವಾಗುವ ಕ್ಷಣ. ಎ, ಬಿ ಎಂಬ ಅಕ್ಷರಗಳು ಆಮೇಲೆ ಬಂದರೆ ಸಾಕು. ನಮ್ಮ ಪೂರ್ವಿಕರು ಅವ್ಯಕ್ತ ಸಂಖ್ಯೆಗಳಿಗೆ ‘ಯಾವತ್ತಾವತ್’, ‘ಕಾಲಕ’, ‘ನೀಲಕ’ ಎಂದು ಹೆಸರಿಟ್ಟು, ‘ಯಾ’, ‘ಕಾ’, ‘ನೀ’ ಎಂದು ಸಂಕ್ಷೇಪಿಸಿ ಬರೆಯುತ್ತಿದ್ದರು. ಅಕ್ಷರ ಯಾವುದಾದರೇನು!

ಪೂರ್ವಿಕರೆಂದ ಮೇಲೆ ಕನ್ನಡ ನಾಡಿನ ಹಿರಿಮೆಯನ್ನು ಹೇಳದೆ ಮುಂದುವರಿಯಲಾಗದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಸಾವಿರಕ್ಕೂ ಮೀರಿದ ಶ್ಲೋಕಗಳ ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರ ಕಣ್ಣು ಅದರ ಮೇಲೆ ಬಿದ್ದಿತು. ಸಂಖ್ಯೆಯೊಂದರ ವರ್ಗವನ್ನು ಕಾಣುವ ಹಲವು ದಾರಿಗಳನ್ನು ಹೇಳುತ್ತ ಮಹಾವೀರನು ಒಂದು ಸೊಗಸಾದ ದಾರಿಯನ್ನು ತೋರಿದ್ದಾನೆ: ಇಷ್ಟಬಂದ ಒಂದು ಸಂಖ್ಯೆಯನ್ನು ಮೂಲಸಂಖ್ಯೆಗೆ ಕೂಡಿ, ಮೂಲಸಂಖ್ಯೆಯಿಂದ ಕಳೆದು, ಬಂದ ಎರಡನ್ನೂ ಗುಣಿಸಿ, ಇಷ್ಟಸಂಖ್ಯೆಯ ವರ್ಗವನ್ನು ಸೇರಿಸಬೇಕು. ನಮ್ಮ ಗುಂಟೆಯನ್ನೇ ಇದರಿಂದ ಅಳೆಯೋಣ. 33ರ ವರ್ಗ ಬೇಕು. ಇಷ್ಟಸಂಖ್ಯೆ 3 ಆಗಿರಲಿ. 36 ಮತ್ತು 30ನ್ನು ಗುಣಿಸಿದರೆ 1080. ಅದಕ್ಕೆ 9 ಸೇರಿಸಿದರೆ 1089. ಗುಂಟೆಗೆ 1089 ಚದರ ಅಡಿ ಎಂಬುದನ್ನು ಲೇಖನಿ ಮುಟ್ಟದೆ ಪಡೆದೆವು. ಪಠ್ಯಪುಸ್ತಕದ ಸೂತ್ರವನ್ನು ತಿರುಗಿಸಿ ನಿಲ್ಲಿಸಿದರೆ ಇದೇ.

ಅದೇ ಮಹಾವೀರನು ಕ್ಷೇತ್ರಗಣಿತವನ್ನು ಹೇಳುವಾಗ ‘ವ್ಯಾವಹಾರಿಕ’ ವಿಸ್ತೀರ್ಣ ಬೇರೆ, ‘ಸೂಕ್ಷ್ಮ’ ವಿಸ್ತೀರ್ಣ ಬೇರೆ ಎಂದು ವಿಂಗಡಿಸುತ್ತಾನೆ. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದು ವ್ಯಾವಹಾರಿಕ ಮಾತ್ರ. ಆಯತವಲ್ಲದ ಗದ್ದೆಗೆ ಆ ಲೆಕ್ಕ ಸದಾ ಇರುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ, ಕೊಳ್ಳುವವನಿಗೆ ನಷ್ಟ. ಪೋಡಿ ಮಾಡಿಸುವಾಗ ಸರ್ವೆಯವರು ಗದ್ದೆಯನ್ನು ತ್ರಿಕೋನಗಳಾಗಿ ಒಡೆದು ಅಳೆಯುವುದು ಈ ಕಾರಣದಿಂದಲೇ.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿ, ಲೆಕ್ಕವು ಸಂಸ್ಕೃತ ಬಲ್ಲವರ ಸೊತ್ತಷ್ಟೇ ಅಲ್ಲವೆಂದು ತೋರಿಸಿದನು. ಅದೇ ಶತಮಾನದ ಭಾಸ್ಕರಾಚಾರ್ಯನು 1150ರಲ್ಲಿ ಮುಗಿಸಿದ ‘ಲೀಲಾವತಿ’ಯಲ್ಲಿ ಬಿದಿರಿನ ಲೆಕ್ಕವೊಂದಿದೆ. ಸಮತಟ್ಟಾದ ನೆಲದಲ್ಲಿ 32 ಮೊಳ ಎತ್ತರದ ಬಿದಿರು ಗಾಳಿಗೆ ನಡುವೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿತು. ಎಷ್ಟು ಎತ್ತರದಲ್ಲಿ ಮುರಿಯಿತು? ಬಿದಿರಿನ ಬದಲು ಮದ್ದೂರಿನ ತೋಟದ ತೆಂಗಿನ ಮರವನ್ನು ಇಟ್ಟುಕೊಂಡರೂ ಅಡ್ಡಿಯಿಲ್ಲ. ಮುರಿದು ಓರೆಯಾಗಿ ಬಿದ್ದ ತುಂಡು ಕರ್ಣ, ನಿಂತ ತುಂಡು ಲಂಬ. ಕರ್ಣದ ವರ್ಗದಿಂದ ಲಂಬದ ವರ್ಗ ಕಳೆದರೆ 16ರ ವರ್ಗ, ಅಂದರೆ 256. ಎರಡು ತುಂಡುಗಳ ಮೊತ್ತ 32 ಎಂಬುದು ಮೊದಲೇ ಗೊತ್ತು. ಮೊತ್ತವನ್ನು ಅಂತರದಿಂದ ಗುಣಿಸಿದರೆ 256 ಬರಬೇಕು. ಆದ್ದರಿಂದ ಅಂತರ 8. ಮೊತ್ತ 32, ಅಂತರ 8 ಇರುವ ಸಂಖ್ಯೆಗಳು 20 ಮತ್ತು 12. ಮರ 12 ಮೊಳ ಎತ್ತರದಲ್ಲಿ ಮುರಿಯಿತು. ಇದನ್ನು ಬೇರೆ ದಾರಿಯಲ್ಲಿ ಬಿಡಿಸಹೊರಟರೆ ಪುಟ ತುಂಬುತ್ತದೆ. ವರ್ಗಗಳ ವ್ಯತ್ಯಾಸವನ್ನು ಗುರುತಿಸಿದವನಿಗೆ ಎರಡು ಸಾಲು.

‘ಗುರುತಿಸಿದವನಿಗೆ’ ಎಂದೆ. ತರಗತಿಯ ಅಭ್ಯಾಸವೆಲ್ಲ ಈ ಗುರುತಿಸುವಿಕೆಯಲ್ಲಿದೆ. ಮಠದ ಪಾಠಶಾಲೆಯಲ್ಲಿ ಕಂಠಪಾಠದಿಂದ ಬೆಳೆದ ನನಗೆ ಕಂಠಪಾಠವನ್ನು ಹಳಿಯುವ ಮನಸ್ಸಿಲ್ಲ. ಆದರೆ ನಮ್ಮ ಶಾಸ್ತ್ರಪರಂಪರೆಯಲ್ಲಿ ಸೂತ್ರ ಒಂಟಿಯಾಗಿ ಬರುತ್ತಿರಲಿಲ್ಲ. ಅದರ ಬೆನ್ನಿಗೆ ವ್ಯಾಖ್ಯಾನ, ವ್ಯಾಖ್ಯಾನದ ಬೆನ್ನಿಗೆ ಉದಾಹರಣೆ ಇರುತ್ತಿದ್ದವು. ಇಂದು ಸೂತ್ರ ಉಳಿದಿದೆ, ಮಿಕ್ಕೆರಡನ್ನು ಗೈಡುಗಳು ನುಂಗಿವೆ. ಒಂದೇ ಮಾದರಿಯ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡಿಸಿದರೆ ಇಪ್ಪತ್ತೊಂದನೆಯದನ್ನು ಮಗು ನೋಡದೆಯೇ ಮಾಡುತ್ತದೆ. ಆದರೆ ಪರೀಕ್ಷೆಯಲ್ಲಿ ರೂಪ ಬದಲಿಸಿ ಬಂದಾಗ ತಬ್ಬಿಬ್ಬಾಗುತ್ತದೆ.

ಮಕ್ಕಳ ಪುಸ್ತಕಗಳನ್ನು ತಿರುವಿದಾಗ ಮರಳಿ ಮರಳಿ ಕಾಣುವ ತಪ್ಪುಗಳಿವೆ. ಎಲ್ಲಕ್ಕಿಂತ ಹರಡಿದ ತಪ್ಪೆಂದರೆ ಅಂತರದ ವರ್ಗವನ್ನೂ ವರ್ಗಗಳ ಅಂತರವನ್ನೂ ಒಂದೇ ಎಂದು ತಿಳಿಯುವುದು. 10ರಿಂದ 4 ಕಳೆದು ವರ್ಗ ಮಾಡಿದರೆ 36. ವರ್ಗ ಮಾಡಿ ಕಳೆದರೆ 100ರಲ್ಲಿ 16 ಹೋಗಿ 84. ಅಕ್ಷರಗಳಲ್ಲಿ ಸಂದೇಹ ಬಂದೊಡನೆ ಇಂತಹ ಸಣ್ಣ ಸಂಖ್ಯೆಯನ್ನಿಟ್ಟು ನೋಡುವ ಚಾಳಿಯೊಂದನ್ನು ಕಲಿಸಿದರೆ ಅರ್ಧ ತಪ್ಪುಗಳು ತಾವಾಗಿಯೇ ಓಡಿಹೋಗುತ್ತವೆ. ಇನ್ನೊಂದು, ‘2ಎ² − 50’ ಎಂಬುದನ್ನು ಕಂಡು ‘ಇದರಲ್ಲಿ ವರ್ಗವಿಲ್ಲ’ ಎಂದು ಕೈಬಿಡುವುದು. ಎರಡಕ್ಕೂ ಸಮಾನವಾದ 2ನ್ನು ಹೊರಗೆ ತೆಗೆದರೆ ಒಳಗೆ ‘ಎ² − 25’ ಕುಳಿತಿದೆ. ಅದು ಎ + 5 ಮತ್ತು ಎ − 5ರ ಗುಣಲಬ್ಧ. ಮತ್ತೆ ಕೆಲವರು ‘ಎ⁴ − 16’ ಎಂಬುದನ್ನು ಎ² + 4 ಮತ್ತು ಎ² − 4 ಎಂದು ಒಡೆದು ಅಲ್ಲಿಗೇ ನಿಲ್ಲುತ್ತಾರೆ, ಎರಡನೆಯದು ಇನ್ನೂ ಒಡೆಯುತ್ತದೆಂಬುದನ್ನು ನೋಡುವುದಿಲ್ಲ. ಅತ್ತ ಎ² + 4ನ್ನು ಒಡೆಯಲು ಹೆಣಗುವವರೂ ಉಂಟು. ವರ್ಗಗಳ ಮೊತ್ತ ಆ ತರಗತಿಯ ಸಂಖ್ಯೆಗಳಲ್ಲಿ ಈ ಬಗೆಯಾಗಿ ಒಡೆಯದು. ಒಡೆಯುವ ಐದು, ಒಡೆಯದ ಐದು, ವೇಷ ಮರೆಸಿಕೊಂಡ ಐದು ಲೆಕ್ಕಗಳನ್ನು ಬೆರೆಸಿ ಕೊಟ್ಟು, ಮೊದಲು ಬಿಡಿಸದೆ ಬರಿದೆ ವಿಂಗಡಿಸಲು ಹೇಳುವ ಉಪಾಧ್ಯಾಯರ ತರಗತಿಯಲ್ಲಿ ಮಕ್ಕಳು ಬೇಗ ಮುಂದುವರಿಯುತ್ತಾರೆ.

ಮನೆಯ ಅಭ್ಯಾಸಕ್ಕೆ ಪುಸ್ತಕವೇ ಬೇಕೆಂದಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ 42 ರೂಪಾಯಿಯಂತೆ 38 ಕಾಯಿ ಎಂದರೆ ಎಷ್ಟು? 40ರ ವರ್ಗ 1600, ಅದರಲ್ಲಿ 2ರ ವರ್ಗ 4 ಕಳೆದರೆ 1596. 97ನ್ನು 103ರಿಂದ ಗುಣಿಸಬೇಕೆ? ಹತ್ತು ಸಾವಿರದಲ್ಲಿ 9 ಕಡಿಮೆ. ಬಾವಿಗೆ ಇಟ್ಟಿಗೆ ಕಟ್ಟಡ ಕಟ್ಟಿಸುವವರಿಗೂ ಇದು ಬೇಕು: ಒಳಗಿನ ಅಡ್ಡಳತೆ 6 ಅಡಿ, ಗೋಡೆಯ ದಪ್ಪ 1 ಅಡಿಯಾದರೆ ಹೊರತ್ರಿಜ್ಯ 4, ಒಳತ್ರಿಜ್ಯ 3, ಮೊತ್ತ 7, ಅಂತರ 1, ಏಳಕ್ಕೆ ಇಪ್ಪತ್ತೆರಡರ ಲೆಕ್ಕದಲ್ಲಿ ಗೋಡೆಯ ಬಳೆಯ ವಿಸ್ತೀರ್ಣ 22 ಚದರ ಅಡಿ. ಆಳದಿಂದ ಗುಣಿಸಿದರೆ ಕಟ್ಟಡದ ಗಾತ್ರ. ಉದ್ದಿನ ವಡೆಯ ಅಗಲವನ್ನೂ ಮಕ್ಕಳು ಇದೇ ಬಗೆಯಲ್ಲಿ ಅಳೆಯಬಹುದು. ಮದ್ದೂರು ವಡೆಗೆ ತೂತಿಲ್ಲವಾದುದರಿಂದ ಅದು ಈ ಲೆಕ್ಕಕ್ಕೆ ಬಾರದು.

ಚಿಕ್ಕ ಮಕ್ಕಳಾದರೆ ಹುಣಸೆ ಬೀಜಗಳನ್ನು ಕೊಡಿರಿ. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ಬೀಜಗಳ ಚೌಕ ಮಾಡಲಿ. ಅದನ್ನು ಐದರ ಚೌಕ ಮಾಡಲು ಎರಡು ಅಂಚಿಗೆ ಎಷ್ಟು ಬೀಜ ಸೇರಿಸಬೇಕು? ಒಂಬತ್ತು, ಅಂದರೆ ಐದು ಕೂಡು ನಾಲ್ಕು. ಪಕ್ಕಪಕ್ಕದ ಚೌಕಗಳ ಅಂತರ ಯಾವಾಗಲೂ ಬೆಸಸಂಖ್ಯೆಯೇ. ಇನ್ನು ಸ್ವಲ್ಪ ದೊಡ್ಡವರಿಗೆ ಈ ಪ್ರಶ್ನೆ: ಎರಡು ಚೌಕಗಳ ಅಂತರ 8 ಆಗಬಲ್ಲದು, 9ರಲ್ಲಿ 1 ಹೋದರೆ ಆಯಿತು, 12 ಆಗಬಲ್ಲದು, 16ರಲ್ಲಿ 4 ಹೋದರೆ ಆಯಿತು, 6 ಆಗಬಲ್ಲದೆ? ಮಕ್ಕಳು ಎಷ್ಟು ಹೊತ್ತು ಬೀಜ ಜೋಡಿಸಿದರೂ ಆಗದು. ಏಕೆಂದರೆ ಎರಡು ಸಂಖ್ಯೆಗಳ ಮೊತ್ತ ಬೆಸವಾದರೆ ಅಂತರವೂ ಬೆಸ, ಮೊತ್ತ ಸಮವಾದರೆ ಅಂತರವೂ ಸಮ. ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸವೇ ಬರುವುದು. ಸಮವನ್ನು ಸಮದಿಂದ ಗುಣಿಸಿದರೆ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದು. 6 ಈ ಎರಡಕ್ಕೂ ಸೇರದು. 10, 14, 18ಗಳೂ ಸೇರವು. ಕಾರಣವನ್ನು ತಾನೇ ಕಂಡುಕೊಂಡ ಮಗು ಆ ರಾತ್ರಿ ಊಟಕ್ಕೆ ಕರೆದರೂ ಬಾರದಿದ್ದರೆ ಬೈಯಬೇಡಿರಿ.

ಒಂದು ದೊಡ್ಡ ಸಂಖ್ಯೆಯ ಗುಣಕಗಳನ್ನು ಹುಡುಕಲು ಇದೇ ಸೂತ್ರವನ್ನು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಬಳಸಿದನು. 1591ನ್ನು ಯಾವ ಎರಡು ಸಂಖ್ಯೆಗಳ ಗುಣಲಬ್ಧವೆನ್ನಬಹುದು? 3, 7, 11, 13 ಎಂದು ಒಂದೊಂದಾಗಿ ಭಾಗಿಸುತ್ತ ಹೋದರೆ ಹೊತ್ತು ಹೋಗುತ್ತದೆ. ಅದಕ್ಕಿಂತ ಮೇಲಿನ, ಅತಿ ಸಮೀಪದ ವರ್ಗವನ್ನು ನೋಡಿರಿ: 40ರ ವರ್ಗ 1600. ಅದರಲ್ಲಿ 1591 ಕಳೆದರೆ 9. ಅದು 3ರ ವರ್ಗ. ಆದ್ದರಿಂದ 1591 ಎಂದರೆ 43 ಮತ್ತು 37ರ ಗುಣಲಬ್ಧ. ಉಳಿದದ್ದು ವರ್ಗವಾಗದಿದ್ದರೆ ಮುಂದಿನ ವರ್ಗ, ಅದರ ಮುಂದಿನ ವರ್ಗ ಎಂದು ಏರುತ್ತ ಹೋಗಬೇಕು. ಗುಣಕಗಳು ಒಂದಕ್ಕೊಂದು ಹತ್ತಿರವಿದ್ದಷ್ಟೂ ಬೇಗ ಸಿಕ್ಕಿಬೀಳುತ್ತವೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ರೂಪಿಸಿದ, ಗಣಕಯಂತ್ರಗಳ ಗುಟ್ಟು ಕಾಯುವ ಬೀಗದ ಪದ್ಧತಿಯೊಂದು ಎರಡು ಬಹು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಒಡೆಯುವುದು ಕಠಿಣವೆಂಬ ನಂಬಿಕೆಯ ಮೇಲೆ ನಿಂತಿದೆ. ಆ ಎರಡು ಸಂಖ್ಯೆಗಳು ತೀರ ಸಮೀಪದವಾಗಿರಕೂಡದೆಂದು ಬೀಗ ಮಾಡುವವರು ಎಚ್ಚರ ವಹಿಸುತ್ತಾರೆ. ಸಮೀಪವಿದ್ದರೆ ಎಂಟನೆಯ ತರಗತಿಯ ಈ ಸೂತ್ರವೇ ಕಳ್ಳನ ಕೈಯ ಕೀಲಿಯಾಗುತ್ತದೆ.

ಓದುಗರ ಮನೆಯ ಮಕ್ಕಳಿಗಾಗಿ ಮೂರು ಸಂಖ್ಯೆಗಳನ್ನು ಕೊಟ್ಟು ಮುಗಿಸುತ್ತೇನೆ: 3599, 2491, 4087. ಮೊದಲನೆಯದು ನೋಡಿದೊಡನೆ ಬಿಡುತ್ತದೆ. ಮೂರನೆಯದಕ್ಕೆ 60ರಿಂದ ಮೇಲಿನ ವರ್ಗಗಳು ಬಾಯಿಗೆ ಬಂದಿರಬೇಕು. ಬಾರದಿದ್ದರೆ ಮಹಾವೀರಾಚಾರ್ಯನ ದಾರಿ ಮೇಲೆಯೇ ಇದೆ.